ಪ್ರತಿಭೆಯ ಆಳವನ್ನು ಅಳೆಯುವುದು ಹೇಗೆ?

ಮಳೆಗಾಲವು ಹಿಂದೆಗೆಯುತ್ತ ಬಂದು, ಎರೆಯ ಹೊಲಗಳಲ್ಲಿ ಹತ್ತಿಯ ಗಿಡಗಳು ಮೈದುಂಬಿ ನಿಲ್ಲುವ ಹೊತ್ತಿಗೆ, ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಶಾಲಾ ಕ್ರೀಡಾಕೂಟಗಳ ಸಡಗರವು ಮೊದಲಾಗುವುದು. ವಲಯದಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ಕಡೆಗೆ ರಾಜ್ಯಮಟ್ಟಕ್ಕೆ ಹೋಗುವರು. ಜರಡಿಯ ಕೆಳಗೆ ಜರಡಿಯನ್ನು ಹಿಡಿದಂತೆ ಮಕ್ಕಳನ್ನು ಸೋಸುವ ಏರ್ಪಾಡು ಇದು. ಇಂತಹ ಒಂದು ಮೈದಾನದ ಅಂಚಿನಲ್ಲಿ ನಿಂತು ಕಬಡ್ಡಿಯನ್ನು ನೋಡುತ್ತಿದ್ದಾಗ ಇಬ್ಬರ ಸಂಭಾಷಣೆಯು ನಮ್ಮ ಕಿವಿಗೆ ಬಿದ್ದಿತು. ಒಬ್ಬರು ತಾರುಣ್ಯದಲ್ಲಿ ಗರಡಿಯ ಮಣ್ಣನ್ನು ಮೈಗೆ ಮೆತ್ತಿಕೊಂಡ ಹಿರಿಯರು. ಇನ್ನೊಬ್ಬರು ದೈಹಿಕ ಶಿಕ್ಷಕರು.

“ಏನ್ರಿ ಮಾಸ್ತರ, ಈ ವರ್ಷದ ಹುಡುಗ್ರು ಹೆಂಗದಾರ?”

“ಭಾಳ ಛಲೋ ಅದಾರ್ರೀ ಕಾಕಾ. ಆ ಹುಡುಗನ್ನ ನೋಡ್ರಿ, ಒಬ್ಬನ ಹದಿನೈದು ಪಾಯಿಂಟ್ ತಂದಾನ.”

“ಅಂವ ಒಬ್ಬ ಛಲೋ ಇರವಲ್ಲನಾಕ. ಅವನ ಹಿಂದ ಎಷ್ಟ ಮಂದಿ ಅದಾರ, ಅದನ್ನ ಹೇಳ್ರಿ.”

ಶಿಕ್ಷಕರು ನಕ್ಕು ಸುಮ್ಮನಾದರು. ಆದರೆ ಹಿರಿಯರು ಕೇಳಿದ ಪ್ರಶ್ನೆ ನಗೆಯಲ್ಲಿ ತೇಲಿ ಹೋಗತಕ್ಕದ್ದಲ್ಲ. ಒಂದು ವಯಸ್ಸಿನ ಮಕ್ಕಳ ಗುಂಪಿನಲ್ಲಿ ಪ್ರತಿಭೆಯು ಎಷ್ಟು ಆಳವಾಗಿದೆ ಎಂಬುದನ್ನು ಮುಂಚಿತವಾಗಿ ತಿಳಿಯಬಹುದೆ? ತಿಳಿಯಬಹುದಾದರೆ ಯಾವ ಕ್ರಮದಿಂದ? ಈ ಪ್ರಶ್ನೆಗೆ ಸಂಖ್ಯಾಶಾಸ್ತ್ರವೂ ಶರೀರಶಾಸ್ತ್ರವೂ ಕೂಡಿ ಉತ್ತರ ಹೇಳುತ್ತವೆ. ಆ ಉತ್ತರವನ್ನು ನಮ್ಮ ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ದೂರದ ದೇಶದಲ್ಲಿ ಇದೇ ಪ್ರಶ್ನೆ

ಆಸ್ಟ್ರೇಲಿಯಾ ದೇಶದಲ್ಲಿ ಒಂದು ವಿಶಿಷ್ಟವಾದ ಫುಟ್‌ಬಾಲ್ ಆಟವಿದೆ. ಅಂಡಾಕಾರದ ವಿಶಾಲ ಬಯಲು, ಪಕ್ಷವೊಂದಕ್ಕೆ ೧೮ ಮಂದಿ ಆಟಗಾರರು. ಚೆಂಡನ್ನು ಕಾಲಿನಿಂದ ಒದೆಯಲೂಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ದಾಟಿಸಲೂಬಹುದು. ಅಲ್ಲಿಯ ತಂಡಗಳು ಹೊಸ ಆಟಗಾರರನ್ನು ತಮಗೆ ತೋಚಿದಂತೆ ಸೇರಿಸಿಕೊಳ್ಳುವ ಹಾಗಿಲ್ಲ. ವರ್ಷಕ್ಕೊಮ್ಮೆ ‘ಡ್ರಾಫ್ಟ್’ ಎಂಬ ಸರದಿಯ ಆಯ್ಕೆ ನಡೆಯುವುದು. ಹದಿನೆಂಟರ ಆಸುಪಾಸಿನ ತರುಣರ ಪಟ್ಟಿಯಿಂದ ತಂಡಗಳು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವುವು. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯ ಸರದಿ. ಬಲವು ಒಂದೇ ಕಡೆ ಸೇರಬಾರದೆಂಬುದು ಇದರ ತತ್ತ್ವ. ಅಮೆರಿಕೆಯ ಫುಟ್‌ಬಾಲಿನಲ್ಲಿ ಈ ಪದ್ಧತಿ ೧೯೩೬ರಲ್ಲಿಯೂ, ಆಸ್ಟ್ರೇಲಿಯಾದಲ್ಲಿ ೧೯೮೬ರಲ್ಲಿಯೂ ಬಳಕೆಗೆ ಬಂದಿತು.

ಡ್ರಾಫ್ಟ್ ಸಮೀಪಿಸಿತೆಂದರೆ ಅಲ್ಲಿಯ ಬಲ್ಲವರ ನಾಲಗೆಯ ಮೇಲೆ ಒಂದೇ ಮಾತು: ‘ಈ ವರ್ಷದ ಗುಂಪು ಆಳವಾಗಿದೆಯೋ, ತೆಳುವಾಗಿದೆಯೋ?’ ಗುಂಪು ಆಳವಾಗಿದ್ದರೆ ನಲವತ್ತನೆಯ ಸರದಿಯಲ್ಲಿಯೂ ಒಳ್ಳೆಯ ಆಟಗಾರನು ಸಿಗುವನು. ತೆಳುವಾಗಿದ್ದರೆ ಹತ್ತನೆಯವನ ನಂತರ ಜೊಳ್ಳೇ ಹೆಚ್ಚು. ನಮ್ಮ ಪ್ರೊ ಕಬಡ್ಡಿ ಲೀಗಿನಲ್ಲಿ ಸರದಿಗೆ ಬದಲಾಗಿ ಹರಾಜಿನ ಪದ್ಧತಿ ಇದೆ. ಆದರೂ ಹರಾಜಿಗೆ ಕುಳಿತವರ ತಲೆಯಲ್ಲಿ ಸುಳಿಯುವ ಪ್ರಶ್ನೆ ಇದೇ. ಬೈಲಹೊಂಗಲದ ಮೈದಾನದ ಅಂಚಿನಲ್ಲಿ ಆ ಹಿರಿಯರು ಕೇಳಿದುದೂ ಇದನ್ನೇ.

ನೀರಿನ ಮಟ್ಟ ಬೇರೆ, ಸಂಗ್ರಹ ಬೇರೆ

ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟನ್ನು ನಮ್ಮ ಓದುಗರಲ್ಲಿ ಹಲವರು ನೋಡಿರಬಹುದು. ಅದರ ಹಿಂದೆ ಹರಡಿದ ರೇಣುಕಾಸಾಗರದ ಪೂರ್ಣ ಮಟ್ಟ ೨೦೭೯.೫ ಅಡಿ, ಪೂರ್ಣ ಸಂಗ್ರಹ ೩೭.೭೩ ಟಿಎಂಸಿ, ಎಂದರೆ ೩,೭೭೩ ಕೋಟಿ ಘನ ಅಡಿ ನೀರು. ಈಗ ಒಂದು ಮಾತನ್ನು ಯೋಚಿಸಿರಿ. ಅಳತೆಯ ಪಟ್ಟಿಯು ನೀರು ಎಷ್ಟು ಎತ್ತರಕ್ಕೆ ಮುಟ್ಟಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಕಾಲುವೆಗೆ ಎಷ್ಟು ದಿನ ನೀರು ಬಿಡಬಹುದೆಂಬುದನ್ನು ತಿಳಿಯಬೇಕಾದರೆ ಆ ಮಟ್ಟದಲ್ಲಿ ನೀರು ಎಷ್ಟು ಅಗಲಕ್ಕೆ ಹರಡಿದೆ ಎಂಬುದು ಗೊತ್ತಿರಬೇಕು. ಕಿರಿದಾದ ಬಾವಿಯಲ್ಲಿಯೂ ನೀರು ಬಾಯಿಯವರೆಗೆ ನಿಲ್ಲಬಹುದು. ಆದರೆ ನಾಲ್ಕು ಹೊಲಗಳಿಗೆ ಹಾಯಿಸುವಷ್ಟರಲ್ಲಿ ಅದು ಬತ್ತುವುದು.

ಮಕ್ಕಳ ಗುಂಪಿನಲ್ಲಿ ಎಲ್ಲರಿಗಿಂತ ಮುಂದಿರುವ ಒಬ್ಬನು ಈ ಮಟ್ಟದ ಗೆರೆಯಂತೆ. ಅವನನ್ನು ಕಂಡು ಗುಂಪಿನ ಸಂಗ್ರಹವನ್ನು ಹೇಳಲಾಗದು. ಪ್ರತಿಭೆಯ ಆಳವೆಂದರೆ, ನಮಗೆ ಬೇಕಾದ ಮಟ್ಟವನ್ನು ಮುಟ್ಟುವವರು ಒಟ್ಟು ಎಷ್ಟು ಮಂದಿ ಎಂಬ ಎಣಿಕೆಯೇ ಹೊರತು, ಅತ್ಯುನ್ನತನ ಎತ್ತರವಲ್ಲ.

ಇದನ್ನು ಅಂಕೆಗಳಲ್ಲಿ ನೋಡೋಣ. ನಿಂತಲ್ಲಿಂದ ಮುಂದಕ್ಕೆ ಹಾರುವ ಉದ್ದ ಜಿಗಿತವನ್ನು ತೆಗೆದುಕೊಳ್ಳಿರಿ. ಒಂದು ವಯಸ್ಸಿನ ಹುಡುಗರ ಸರಾಸರಿ ಜಿಗಿತವು ೧೮೦ ಸೆಂಟಿಮೀಟರ್ ಎಂದೂ, ಸರಾಸರಿಯಿಂದ ಆಚೀಚೆ ಚದುರುವ ಅಳತೆ, ಅಂದರೆ ಪ್ರಮಾಣ ವಿಚಲನೆ, ೨೦ ಸೆಂಟಿಮೀಟರ್ ಎಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಎತ್ತರ, ಓಟ, ಜಿಗಿತ ಮೊದಲಾದ ಗುಣಗಳು ಬಹುಮಟ್ಟಿಗೆ ಗಂಟೆಯಾಕಾರದ ಒಂದು ವಕ್ರರೇಖೆಯಂತೆ ಹಂಚಿಕೆಯಾಗಿರುತ್ತವೆ. ನಡುವೆ ಜನಸಂದಣಿ, ಎರಡು ಅಂಚುಗಳಲ್ಲಿ ವಿರಳ. ಈ ರೇಖೆಯ ನಿಯಮದಂತೆ, ೧,೦೦೦ ಹುಡುಗರನ್ನು ಪರೀಕ್ಷಿಸಿದರೆ ೨೩೦ ಸೆಂಟಿಮೀಟರನ್ನು ದಾಟುವವರು ಸುಮಾರು ಆರು ಮಂದಿ. ಅವರಲ್ಲಿ ಅತ್ಯುತ್ತಮನು ಸುಮಾರು ೨೪೫ ಸೆಂಟಿಮೀಟರ್ ಹಾರುವನು. ೧೦,೦೦೦ ಹುಡುಗರನ್ನು ಪರೀಕ್ಷಿಸಿದರೆ ೨೩೦ನ್ನು ದಾಟುವವರು ೬೨ ಮಂದಿ. ಆದರೆ ಅತ್ಯುತ್ತಮನ ಜಿಗಿತವು ೨೫೭ರಷ್ಟು ಮಾತ್ರ.

ಸೋಜಿಗವಲ್ಲವೆ? ಗುಂಪು ಹತ್ತು ಪಾಲು ಹಿಗ್ಗಿದರೂ ಮುಂದಾಳಿನ ಸಾಧನೆ ಹನ್ನೆರಡು ಸೆಂಟಿಮೀಟರ್ ಹೆಚ್ಚಿತು, ಅಷ್ಟೇ. ಅವನ ಹಿಂದೆ ನಿಂತವರ ಸಂಖ್ಯೆ ಮಾತ್ರ ಹತ್ತು ಪಾಲಾಯಿತು. ಮುಂದಾಳನ್ನು ನೋಡಿ ಆಳವನ್ನು ಊಹಿಸುವವರು ಏಕೆ ಎಡವುತ್ತಾರೆಂಬುದು ಇದರಿಂದ ಸ್ಪಷ್ಟವಾಗುವುದು.

ಇನ್ನೊಂದು ಚಮತ್ಕಾರವಿದೆ. ಮಕ್ಕಳಿಗೆ ಒಳ್ಳೆಯ ಆಹಾರ, ದಿನಕ್ಕೆ ಒಂದು ಗಂಟೆಯ ಆಟ ದೊರೆತು ಸರಾಸರಿಯು ನಾಲ್ಕೇ ಸೆಂಟಿಮೀಟರ್, ಎಂದರೆ ಎರಡು ಬೆರಳಗಲ, ಏರಿತೆನ್ನಿರಿ. ನಡುವಿನ ಹುಡುಗನಲ್ಲಿ ಈ ಭೇದವು ಕಣ್ಣಿಗೆ ಕಾಣದು. ಆದರೆ ೨೪೦ ಸೆಂಟಿಮೀಟರನ್ನು ದಾಟುವವರ ಸಂಖ್ಯೆ ಹತ್ತು ಸಾವಿರಕ್ಕೆ ೧೩ರಿಂದ ೨೫ಕ್ಕೆ, ಅಂದರೆ ಹೆಚ್ಚುಕಡಿಮೆ ಇಮ್ಮಡಿಗೆ ಏರುವುದು. ರೇಖೆಯ ಅಂಚು ಅಷ್ಟು ಸೂಕ್ಷ್ಮವಾದುದು. ಪ್ರತಿಭೆಯ ಆಳವನ್ನು ಹೆಚ್ಚಿಸುವ ಸ್ಥಳವು ಆಯ್ಕೆಯ ಮೈದಾನವಲ್ಲ. ಮಧ್ಯಾಹ್ನದ ಊಟದ ಪಂಕ್ತಿ ಮತ್ತು ಸಂಜೆಯ ಬಯಲು.

ಬೇಡಿಕೆಯ ಕಡೆಯನ್ನೂ ಮರೆಯಬಾರದು. ಪ್ರೊ ಕಬಡ್ಡಿ ೨೦೧೪ರಲ್ಲಿ ಎಂಟು ತಂಡಗಳೊಡನೆ ಆರಂಭವಾಯಿತು. ೨೦೧೭ರಲ್ಲಿ ತಂಡಗಳು ಹನ್ನೆರಡಾದುವು. ತಂಡಕ್ಕೆ ಇಪ್ಪತ್ತು ಮಂದಿಯೆಂದರೂ ಬೇಕಾದವರು ೧೬೦ರಿಂದ ೨೪೦ ಆದರು. ದೇಶದಲ್ಲಿ ಕಬಡ್ಡಿ ಆಡುವವರು ಒಂದೇ ವರ್ಷದಲ್ಲಿ ಒಂದೂವರೆ ಪಾಲಾಗಲಾರರು. ಆದುದರಿಂದ ಬಾಗಿಲಿನ ಹೊಸ್ತಿಲು ಕೊಂಚ ತಗ್ಗುವುದು. ನಿನ್ನೆ ಹೊರಗುಳಿದವನಿಗೆ ಇಂದು ಒಳಗೆ ಎಡೆ ದೊರೆಯುವುದು. ‘ಆಳ’ವೆಂಬುದು ಮಕ್ಕಳ ಗುಣವೊಂದನ್ನೇ ಅವಲಂಬಿಸಿಲ್ಲ, ಎಷ್ಟು ಮಂದಿಯನ್ನು ತೆಗೆದುಕೊಳ್ಳುವೆವೆಂಬುದನ್ನೂ ಅವಲಂಬಿಸಿದೆ.

ಒಂದು ವರ್ಷದ ಬೆಳೆ

‘ಈ ವರ್ಷದ ಹುಡುಗರು ಭಾರಿ, ಹೋದ ವರ್ಷ ಯಾರೂ ಇರಲಿಲ್ಲ’ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಇದು ನಿಜವಾದ ಭೇದವೋ ಅಥವಾ ಆಕಸ್ಮಿಕವೋ? ಇದನ್ನು ನಿರ್ಣಯಿಸಲು ಒಂದು ಸುಲಭವಾದ ಸೂತ್ರವಿದೆ. ಅಪರೂಪದ ವಸ್ತುವೊಂದು ವರ್ಷಕ್ಕೆ ಸರಾಸರಿ ಎಷ್ಟು ದೊರೆಯುವುದೋ, ಆ ಸಂಖ್ಯೆಯ ವರ್ಗಮೂಲದ ಎರಡು ಪಾಲಿನಷ್ಟು ಏರಿಳಿತವು ಕೇವಲ ಆಕಸ್ಮಿಕದಿಂದಲೇ ಆಗಬಹುದು. ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ ಸರಾಸರಿ ಒಂಬತ್ತು ಮಂದಿ ಉತ್ತಮರು ಹೊರಬೀಳುವರೆನ್ನೋಣ. ಒಂಬತ್ತರ ವರ್ಗಮೂಲ ಮೂರು. ಅದರ ಇಮ್ಮಡಿ ಆರು. ಆದುದರಿಂದ ಒಂದು ವರ್ಷ ಮೂವರು, ಇನ್ನೊಂದು ವರ್ಷ ಹದಿನೈದು ಮಂದಿ ಕಾಣಿಸಿಕೊಂಡರೂ ಮಕ್ಕಳ ಗುಣದಲ್ಲಿ ಏನೂ ಬದಲಾಗಿಲ್ಲದಿರಬಹುದು.

ನಾಲ್ಕು ತಾಲ್ಲೂಕುಗಳನ್ನು ಒಟ್ಟುಗೂಡಿಸಿ ನೋಡಿದರೆ ಸರಾಸರಿ ೩೬, ಏರಿಳಿತ ೧೨. ಅಂದರೆ ೨೪ರಿಂದ ೪೮. ಮೊದಲು ಐದು ಪಾಲಿದ್ದ ಅಂತರ ಈಗ ಎರಡು ಪಾಲಿಗೆ ಇಳಿಯಿತು. ಗುಂಪು ಹಿರಿದಾದಷ್ಟೂ ನಮ್ಮ ತೀರ್ಮಾನವು ಭದ್ರವಾಗುವುದು. ಒಂದು ಊರಿನ ಒಂದು ವರ್ಷದ ತಂಡವನ್ನು ನೋಡಿ ‘ಈ ಊರಿನ ಮಣ್ಣಿನಲ್ಲೇ ಏನೋ ಇದೆ’ ಎಂದು ಹೇಳುವ ಮುನ್ನ ಹತ್ತು ವರ್ಷಗಳ ಪುಸ್ತಕವನ್ನು ತಿರುವಿ ನೋಡುವುದು ಲೇಸು.

ಜೂನ್ ಒಂದರ ಮಕ್ಕಳು

ಈವರೆಗೆ ಎಣಿಕೆಯ ಮಾತಾಯಿತು. ಆದರೆ ಎಣಿಸುವ ಮುನ್ನ ಅಳೆಯಬೇಕಷ್ಟೆ? ಅಳತೆಯಲ್ಲಿಯೇ ದೊಡ್ಡ ಮೋಸವೊಂದು ಅಡಗಿದೆ.

ಕೆನಡಾ ದೇಶದ ಮನಶ್ಶಾಸ್ತ್ರಜ್ಞರಾದ ರೋಜರ್ ಬಾರ್ನ್ಸ್‌ಲೆ ಮತ್ತು ಅವರ ಸಂಗಡಿಗರು ೧೯೮೫ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ಐಸ್ ಹಾಕಿಯ ಉತ್ತಮ ತಂಡಗಳಲ್ಲಿ ಜನವರಿ, ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹುಟ್ಟಿದವರೇ ಬಹುಸಂಖ್ಯಾತರು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹುಟ್ಟಿದವರು ತೀರ ವಿರಳ. ನಕ್ಷತ್ರಫಲವೆನ್ನಬೇಡಿ. ಅಲ್ಲಿ ಮಕ್ಕಳ ವಯೋಗುಂಪನ್ನು ಜನವರಿ ಒಂದರಿಂದ ಎಣಿಸುವರು. ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಹನ್ನೊಂದು ತಿಂಗಳಷ್ಟು ದೊಡ್ಡದು. ಹತ್ತು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳೆಂದರೆ ಎತ್ತರದಲ್ಲಿಯೂ ಬಲದಲ್ಲಿಯೂ ಎದ್ದು ಕಾಣುವ ಭೇದ. ದೊಡ್ಡ ಮಗುವನ್ನು ‘ಪ್ರತಿಭಾವಂತ’ ಎಂದು ಆರಿಸುವರು. ಅದಕ್ಕೆ ಒಳ್ಳೆಯ ಶಿಕ್ಷಕರು, ಹೆಚ್ಚಿನ ಆಟ ದೊರೆಯುವುವು. ಕೆಲವು ವರ್ಷಗಳಲ್ಲಿ ಅದು ನಿಜವಾಗಿಯೂ ಮುಂದಾಗುವುದು. ತಿಂಗಳುಗಳ ಲೆಕ್ಕವು ಹೀಗೆ ಪ್ರತಿಭೆಯ ವೇಷವನ್ನು ತೊಡುವುದು.

ನಮ್ಮ ಕಡೆ ಈ ಲೆಕ್ಕಕ್ಕೆ ಇನ್ನೊಂದು ತೊಡಕುಂಟು. ಉತ್ತರ ಕರ್ನಾಟಕದ ಯಾವುದಾದರೂ ಶಾಲೆಯ ಹಳೆಯ ದಾಖಲೆಯ ಪುಸ್ತಕವನ್ನು ತೆರೆದರೆ ಜೂನ್ ಒಂದರಂದು ಹುಟ್ಟಿದವರು ಸಾಲುಸಾಲಾಗಿ ಕಾಣುವರು. ನಮ್ಮ ಓದುಗರ ಮನೆಯ ಹಿರಿಯರಲ್ಲಿಯೂ ಜೂನ್ ಒಂದರವರು ಒಬ್ಬರಾದರೂ ಇದ್ದೇ ಇರುವರು. ಮಗುವನ್ನು ಶಾಲೆಗೆ ಕರೆತಂದ ತಂದೆಗೆ ತಾರೀಖು ನೆನಪಿಲ್ಲ. ‘ಸೀಗಿ ಹುಣ್ಣಿವಿ ಮುಂದ ಹುಟ್ಯಾನ್ರಿ’ ಎನ್ನುವನು. ಮಾಸ್ತರರು ಶಾಲೆ ಆರಂಭವಾಗುವ ತಾರೀಖನ್ನೇ ಬರೆದುಕೊಳ್ಳುವರು. ಈಗ ಹುಟ್ಟಿದ ಕೂಡಲೆ ನೋಂದಣಿಯಾಗುವುದರಿಂದ ಈ ರೂಢಿ ಬಹಳ ಮಟ್ಟಿಗೆ ಕಡಿಮೆಯಾಗಿದೆ. ಆದರೂ ಬರೆದ ವಯಸ್ಸು ಮತ್ತು ಮೈಯ ವಯಸ್ಸು ಒಂದೇ ಅಲ್ಲವೆಂಬ ಪಾಠವನ್ನು ಅದು ನಮಗೆ ಕಲಿಸುತ್ತದೆ.

ಏಕೆಂದರೆ ತಾರೀಖು ಸರಿಯಾಗಿದ್ದರೂ ಮೈಯ ಗಡಿಯಾರವು ಎಲ್ಲರಲ್ಲಿ ಒಂದೇ ವೇಗದಿಂದ ನಡೆಯುವುದಿಲ್ಲ. ಫ್ರಾನ್ಸಿನ ಕುಲೀನನೊಬ್ಬನು, ಮಾಂಟ್‌ಬೆಯಾರ್ ಎಂಬಾತ, ೧೭೫೯ರಿಂದ ೧೭೭೭ರವರೆಗೆ ತನ್ನ ಮಗನ ಎತ್ತರವನ್ನು ತಪ್ಪದೆ ಅಳೆಯುತ್ತ ಬಂದನು. ಬೆಳವಣಿಗೆಯು ಒಂದೇ ಸಮನೆ ಸಾಗದೆ, ಹರೆಯದಲ್ಲಿ ಒಮ್ಮೆ ಛಂಗನೆ ನೆಗೆದು ಬಳಿಕ ನಿಲ್ಲುವುದೆಂಬುದು ಆ ಅಳತೆಗಳಿಂದ ತಿಳಿದುಬಂದಿತು. ಈ ನೆಗೆತದ ತುದಿಯು ಹುಡುಗಿಯರಲ್ಲಿ ಸರಾಸರಿ ಹನ್ನೆರಡನೆಯ ವರ್ಷಕ್ಕೂ, ಹುಡುಗರಲ್ಲಿ ಹದಿನಾಲ್ಕನೆಯ ವರ್ಷಕ್ಕೂ ಬರುವುದು. ಆಗ ಹುಡುಗನು ವರ್ಷಕ್ಕೆ ಒಂಬತ್ತು ಸೆಂಟಿಮೀಟರಿನ ಸುಮಾರಿಗೆ ಬೆಳೆಯುವನು. ಆದರೆ ಸರಾಸರಿಯೆಂಬುದು ಸರಾಸರಿಯೇ. ಒಬ್ಬನಿಗೆ ಈ ನೆಗೆತ ಹನ್ನೆರಡಕ್ಕೇ ಬಂದರೆ ಇನ್ನೊಬ್ಬನಿಗೆ ಹದಿನಾರಕ್ಕೆ ಬರಬಹುದು. ಎಂದಮೇಲೆ ‘ಹದಿನಾಲ್ಕರ ಒಳಗಿನವರು’ ಎಂಬ ಒಂದೇ ಅಂಕಣದಲ್ಲಿ ಮೈಕಟ್ಟಿನಿಂದ ಗಂಡಾಳಾದವನೂ ಇನ್ನೂ ಎಳೆಯ ಮಗುವಾದವನೂ ಎದುರುಬದುರಾಗಿ ನಿಂತಿರುವರು. ಹದಿನೈದು ಪಾಯಿಂಟ್ ತಂದವನು ಕುಶಲನೋ, ಬೇಗ ಬೆಳೆದವನೋ? ದೂರದಿಂದ ಹೇಳುವುದು ಕಷ್ಟ.

ಮಣಿಕಟ್ಟಿನ ಎಲುಬುಗಳ ಕ್ಷಕಿರಣ ಚಿತ್ರದಿಂದ ಮೈಯ ಪಕ್ವತೆಯನ್ನು ಅಳೆಯುವ ಕ್ರಮವೊಂದಿದೆ. ಭಾರತದ ಕ್ರಿಕೆಟ್ ಮಂಡಳಿಯು ಹದಿನಾರರ ಒಳಗಿನವರಿಗೆ ಈ ಪರೀಕ್ಷೆಯನ್ನು ಬಳಸುತ್ತ ಬಂದಿದೆ. ಆದರೆ ಅದು ಪಕ್ವತೆಯನ್ನು ತೋರಿಸುವುದೇ ಹೊರತು ಹುಟ್ಟಿದ ದಿನವನ್ನಲ್ಲ. ನಮ್ಮ ಗರಡಿಯ ವಸ್ತಾದರು ಕ್ಷಕಿರಣವಿಲ್ಲದೆಯೇ ಈ ತತ್ತ್ವವನ್ನು ಅರಿತಿದ್ದರು. ಜಾತ್ರೆಯ ಕುಸ್ತಿಯಲ್ಲಿ ಜೋಡಿ ಹಚ್ಚುವಾಗ ಅವರು ವಯಸ್ಸನ್ನು ಕೇಳುತ್ತಿರಲಿಲ್ಲ. ಮೈಯನ್ನೂ ತೂಕವನ್ನೂ ನೋಡಿ ಸರಿಜೋಡಿಯನ್ನು ನಿಲ್ಲಿಸುತ್ತಿದ್ದರು. ಇಂಗ್ಲೆಂಡಿನ ಫುಟ್‌ಬಾಲ್ ತರಬೇತಿ ಶಾಲೆಗಳು ಈಚಿನ ವರ್ಷಗಳಲ್ಲಿ ಮಕ್ಕಳನ್ನು ವಯಸ್ಸಿಗೆ ಬದಲು ಬೆಳವಣಿಗೆಯ ಹಂತದಂತೆ ಗುಂಪು ಮಾಡಿ ಆಡಿಸಿ ನೋಡುತ್ತಿರುವುದೂ ಇದೇ ತತ್ತ್ವದಿಂದ.

ಒಂದು ದಿನದ ಆಟ

ಅಳತೆಯ ಎರಡನೆಯ ಮೋಸವು ಅದೃಷ್ಟದ್ದು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ೧೮೮೬ರಲ್ಲಿ ೨೦೫ ದಂಪತಿಗಳ ಹಾಗೂ ಅವರ ೯೨೮ ಮಂದಿ ವಯಸ್ಕ ಮಕ್ಕಳ ಎತ್ತರಗಳನ್ನು ಹೋಲಿಸಿದನು. ಬಹಳ ಎತ್ತರದ ತಾಯಿತಂದೆಗಳ ಮಕ್ಕಳು ಎತ್ತರವಾಗಿದ್ದರೂ ತಾಯಿತಂದೆಗಳಷ್ಟಿರಲಿಲ್ಲ. ಬಹಳ ಕುಳ್ಳರ ಮಕ್ಕಳು ಅಷ್ಟು ಕುಳ್ಳರಾಗಿರಲಿಲ್ಲ. ಎರಡು ಕಡೆಯವರೂ ಸರಾಸರಿಯತ್ತ ಕೊಂಚ ಸರಿದಿದ್ದರು. ಎರಡು ಅಳತೆಗಳ ಸಂಬಂಧವು ಪೂರ್ಣವಲ್ಲದ ಎಡೆಯಲ್ಲೆಲ್ಲ ಈ ‘ಸರಾಸರಿಯತ್ತ ಮರಳುವಿಕೆ’ ತಪ್ಪದೆ ಕಾಣುವುದು.

ಹದಿನೈದು ಪಾಯಿಂಟಿನ ನಮ್ಮ ಹುಡುಗನನ್ನೇ ನೋಡೋಣ. ಕೂಟದ ದಾಳಿಗಾರರ ಸರಾಸರಿ ಐದು ಪಾಯಿಂಟ್ ಎನ್ನಿರಿ. ಅವನು ಸರಾಸರಿಗಿಂತ ಹತ್ತು ಹೆಚ್ಚು ತಂದಿರುವನು. ಆ ಹತ್ತರಲ್ಲಿ ಅರ್ಧವು ಕೌಶಲ್ಯ, ಉಳಿದರ್ಧವು ಎದುರಾಳಿಯ ದೌರ್ಬಲ್ಯ, ಜಾರಿದ ಕಾಲು, ತೀರ್ಪುಗಾರನ ಕಣ್ಣು ಮೊದಲಾದ ಆಕಸ್ಮಿಕಗಳು ಎಂದಾದರೆ, ಮುಂದಿನ ಪಂದ್ಯದಲ್ಲಿ ಅವನಿಂದ ನಾವು ನಿರೀಕ್ಷಿಸಬೇಕಾದುದು ಹತ್ತು ಪಾಯಿಂಟು. ಹತ್ತೇ ತಂದಾಗ ‘ಹುಡುಗನ ತಲೆ ತಿರುಗಿದೆ’ ಎಂದು ಬೈಯುವುದು ಅನ್ಯಾಯ. ಅದೇ ರೀತಿ ಅಂದು ಒಂದೇ ಪಾಯಿಂಟ್ ತಂದವನನ್ನು ಪಟ್ಟಿಯಿಂದ ಹೊಡೆದು ಹಾಕುವುದೂ ಅನ್ಯಾಯ. ನಾಲ್ಕು ಪಂದ್ಯಗಳ ಸರಾಸರಿಯನ್ನು ತೆಗೆದರೆ ಆಕಸ್ಮಿಕದ ಏರಿಳಿತವು ಅರ್ಧಕ್ಕೆ ಇಳಿಯುವುದು. ಹದಿನಾರು ಪಂದ್ಯಗಳಾದರೆ ಕಾಲು ಭಾಗಕ್ಕೆ. ತಾಳ್ಮೆಯೂ ಒಂದು ಅಳತೆಯ ಸಾಧನವೇ.

೨೦೦೧ರ ಪಾಠ

ಹಣವನ್ನೂ ಯಂತ್ರಗಳನ್ನೂ ಸುರಿದು ಅಳೆಯುವವರಾದರೂ ತಪ್ಪದೆ ಹೇಳಬಲ್ಲರೆ? ಆಸ್ಟ್ರೇಲಿಯಾದಲ್ಲಿ ಡ್ರಾಫ್ಟಿಗೆ ಮುನ್ನ ತರುಣರನ್ನು ಒಂದೆಡೆ ಸೇರಿಸಿ ೨೦ ಮೀಟರ್ ಓಟ, ಮೇಲ್ಜಿಗಿತ, ತಿರುವುಗಳ ಓಟ, ದೂರದ ಓಟ ಎಲ್ಲವನ್ನೂ ಪರೀಕ್ಷಿಸುವರು. ಅಲ್ಲಿಯ ೨೦೦೧ರ ಡ್ರಾಫ್ಟನ್ನು ಅತಿ ಆಳವಾದುದೆಂದು ಇಂದು ಎಲ್ಲರೂ ಕೊಂಡಾಡುವರು. ಆ ಆಟದ ಶ್ರೇಷ್ಠ ಗೌರವವಾದ ಬ್ರೌನ್‌ಲೋ ಪದಕವನ್ನು ಆ ವರ್ಷದ ಐವರು ಗೆದ್ದರು. ಅವರಲ್ಲಿ ನಾಲ್ವರು ಇವರು: ೩ನೆಯವನಾಗಿ ಆಯ್ಕೆಯಾದ ಕ್ರಿಸ್ ಜಡ್, ೮ನೆಯ ಜಿಮ್ಮಿ ಬಾರ್ಟೆಲ್, ತಂದೆ ಆಡಿದ ತಂಡಕ್ಕೆ ಮಗನು ಸೇರಬಹುದೆಂಬ ವಿಶೇಷ ನಿಯಮದಂತೆ ೪೦ನೆಯವನಾಗಿ ಬಂದ ಕಿರಿಯ ಗ್ಯಾರಿ ಏಬ್ಲೆಟ್, ಮತ್ತು ೫೮ನೆಯ ಡೇನ್ ಸ್ವಾನ್. ಸ್ವಾನ್ ಪದಕವನ್ನು ಪಡೆದುದು ೨೦೧೧ರಲ್ಲಿ. ಆಯ್ಕೆಯ ದಿನ ಅವನಿಗಿಂತ ಮುಂಚೆ ೫೭ ಹೆಸರುಗಳನ್ನು ಕೂಗಿದ್ದರು! ೧೯೯೦ರಲ್ಲಿ ೭೯ನೆಯವನಾಗಿ ಆಯ್ಕೆಯಾದ ಜೇಮ್ಸ್ ಹರ್ಡ್ ೧೯೯೬ರಲ್ಲಿ ಇನ್ನೊಬ್ಬನೊಡನೆ ಅದೇ ಪದಕವನ್ನು ಹಂಚಿಕೊಂಡನು.

ಅಮೆರಿಕೆಯ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ವಿದ್ವಾಂಸರು ತಮ್ಮ ದೇಶದ ಫುಟ್‌ಬಾಲ್ ಡ್ರಾಫ್ಟುಗಳನ್ನು ಪರಿಶೀಲಿಸಿದರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರು ಒಬ್ಬರ ಹಿಂದೊಬ್ಬರು ಆಯ್ಕೆಯಾದಾಗ, ಮೊದಲು ಆಯ್ಕೆಯಾದವನೇ ಮೇಲೆನಿಸುವ ಸಂಭವವು ನೂರಕ್ಕೆ ಸುಮಾರು ೫೨ ಎಂದು ಕಂಡುಬಂದಿತು. ನಾಣ್ಯವನ್ನು ಚಿಮ್ಮಿದರೂ ನೂರಕ್ಕೆ ೫೦ ಸಿಗುವುದು! ಒಟ್ಟಿನಲ್ಲಿ ಪಟ್ಟಿಯ ಮೇಲ್ಭಾಗದವರು ಕೆಳಭಾಗದವರಿಗಿಂತ ಉತ್ತಮರಾಗುವರೆಂಬುದು ನಿಜ. ಆದರೆ ಅಕ್ಕಪಕ್ಕದ ಇಬ್ಬರಲ್ಲಿ ಯಾರು ಮೇಲು ಎಂಬುದನ್ನು ಹೇಳುವ ಬಲ ಯಾರಿಗೂ ಇಲ್ಲ.

ನಮ್ಮಲ್ಲಿಯೇ ಇದರ ಉದಾಹರಣೆಗಳಿಲ್ಲವೆ? ೨೦೦೮ರಲ್ಲಿ ಐಪಿಎಲ್ ಕ್ರಿಕೆಟಿನ ಕಿರಿಯರ ಡ್ರಾಫ್ಟಿನಲ್ಲಿ ದೆಹಲಿಯ ತಂಡವು ವೇಗದ ಬೌಲರ್ ಪ್ರದೀಪ್ ಸಂಗ್ವಾನರನ್ನು ಆರಿಸಿತು. ದೆಹಲಿಯವರೇ ಆದ ವಿರಾಟ್ ಕೊಹ್ಲಿಯವರು ಬೆಂಗಳೂರಿನ ತಂಡಕ್ಕೆ ದೊರೆತರು. ಪ್ರೊ ಕಬಡ್ಡಿಯಲ್ಲಿ ಪವನ್ ಸೆಹ್ರಾವತ್ ೨೦೧೭ರಲ್ಲಿ ಗುಜರಾತ್ ತಂಡದಲ್ಲಿದ್ದಾಗ ಬೆಳಕಿಗೆ ಬರಲಿಲ್ಲ. ಮರುವರ್ಷ ಬೆಂಗಳೂರು ಬುಲ್ಸ್ ತಂಡಕ್ಕೆ ಬಂದು ದಾಳಿಯಲ್ಲಿ ೨೭೧ ಪಾಯಿಂಟುಗಳನ್ನು ತಂದರು. ೨೦೧೯ರ ಜನವರಿ ೫ರ ಅಂತಿಮ ಪಂದ್ಯದಲ್ಲಿ ಅದೇ ಗುಜರಾತ್ ತಂಡದ ಮೇಲೆ ೨೨ ಪಾಯಿಂಟುಗಳನ್ನು ಗಳಿಸಿ ತಂಡಕ್ಕೆ ಮೊದಲ ಪ್ರಶಸ್ತಿಯನ್ನು ತಂದುಕೊಟ್ಟರು. ಒಂದು ವರ್ಷದಲ್ಲಿ ಮನುಷ್ಯನು ಬದಲಾಗಿರಲಿಲ್ಲ. ಅವನಿಗೆ ದೊರೆತ ಅವಕಾಶವು ಬದಲಾಗಿತ್ತು.

ನಮ್ಮ ಬಯಲಿನಲ್ಲಿ ಮಾಡಬಹುದಾದುದು

ಹಾಗಾದರೆ ಅಳೆಯುವುದೇ ವ್ಯರ್ಥವೆ? ಅಲ್ಲ. ಒಬ್ಬೊಬ್ಬನ ಭವಿಷ್ಯವನ್ನು ಹೇಳಲಾಗದಿದ್ದರೂ ಗುಂಪಿನ ಆಳವನ್ನು ತಕ್ಕಮಟ್ಟಿಗೆ ಅಳೆಯಬಹುದು. ಮಳೆಯ ಒಂದು ಹನಿ ಎಲ್ಲಿ ಬೀಳುವುದೆಂದು ಹೇಳಲಾರದವರೂ ವರ್ಷದ ಮಳೆಯನ್ನು ಅಳೆಯುವುದಿಲ್ಲವೆ? ಇದಕ್ಕೆ ಬೇಕಾದುದು ಒಂದು ಅಳತೆಪಟ್ಟಿ, ಒಂದು ಗಡಿಯಾರ, ಒಂದು ನೋಟುಬುಕ್ಕು. ನಮ್ಮ ವಿದ್ಯಾರ್ಥಿ ಓದುಗರು ತಮ್ಮ ಶಾಲೆಯಲ್ಲಿಯೇ ಇದನ್ನು ನಡೆಸಬಹುದು.

ಮೊದಲನೆಯದಾಗಿ, ಗೆದ್ದವರನ್ನು ಮಾತ್ರವಲ್ಲದೆ ತರಗತಿಯ ಎಲ್ಲರನ್ನೂ ಅಳೆಯಿರಿ. ಎರಡನೆಯದಾಗಿ, ಮುಂದಾಳಿನ ಅಂಕವನ್ನು ಬರೆದು ನಿಲ್ಲಿಸದೆ, ಅವನ ಸಾಧನೆಯ ಹತ್ತರಲ್ಲಿ ಒಂಬತ್ತು ಪಾಲನ್ನಾದರೂ ಮುಟ್ಟಿದವರು ಎಷ್ಟು ಮಂದಿ ಎಂದು ಎಣಿಸಿರಿ. ಆಳದ ಅಂಕೆ ಅದೇ. ಮೂರನೆಯದಾಗಿ, ಪ್ರತಿಯೊಬ್ಬರ ಹೆಸರಿನ ಮುಂದೆ ವಯಸ್ಸನ್ನು ತಿಂಗಳುಗಳಲ್ಲಿ ಬರೆಯಿರಿ. ಮೂರು ತಿಂಗಳಿಗೊಮ್ಮೆ ಎತ್ತರವನ್ನು ಅಳೆಯಿರಿ. ಎತ್ತರವು ವೇಗವಾಗಿ ಏರುತ್ತಿದ್ದರೆ ಆ ಮಗು ನೆಗೆತದ ನಡುವೆ ಇದೆಯೆಂದೂ, ಇನ್ನೂ ಏರತೊಡಗಿಲ್ಲವಾದರೆ ಅದರ ಕಾಲವು ಮುಂದೆ ಬರಲಿದೆಯೆಂದೂ ತಿಳಿಯಿರಿ. ನಾಲ್ಕನೆಯದಾಗಿ, ಒಂದು ದಿನದ ಆಟವನ್ನು ನಂಬದೆ ನಾಲ್ಕಾರು ಬಾರಿ ನೋಡಿರಿ.

ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು: ಬಯಲಿಗೇ ಬಾರದವರನ್ನೂ ಎಣಿಕೆಗೆ ತನ್ನಿರಿ. ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಹನ್ನೆರಡು ಹದಿಮೂರು ವರ್ಷ ತುಂಬುತ್ತಲೇ ಆಟವನ್ನು ಬಿಡುವರು. ಬೆಳವಣಿಗೆಯ ನೆಗೆತವು ಅವರ ಮೈಗೆ ಹೊಸ ಬಲವನ್ನು ತರುವ ಸಮಯ ಅದೇ! ಗುಂಪು ಅರ್ಧವಾದರೆ ಆಳವೂ ಅರ್ಧವಾಗುವುದೆಂಬುದನ್ನು ನಾವು ಮೇಲೆ ಕಂಡಿದ್ದೇವೆ. ಬ್ರಿಟಿಷರನ್ನು ೧೮೨೪ರಲ್ಲಿ ಎದುರಿಸಿದ ರಾಣಿ ಚನ್ನಮ್ಮನ ಕಿತ್ತೂರಿನಲ್ಲಿ, ಅವಳ ಹೆಸರಿನಲ್ಲಿಯೇ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆಯು ೧೯೬೯ರಿಂದ ನಡೆಯುತ್ತಿದೆ. ಹುಡುಗಿಯರು ಓಡಬಲ್ಲರೆ, ಹೋರಾಡಬಲ್ಲರೆ ಎಂದು ಈ ನಾಡಿನಲ್ಲಿ ಕೇಳುವವರು ಇರಬಾರದು.

ಈಗ ಮೈದಾನಕ್ಕೆ ಮರಳೋಣ. ಅಂದು ಪಂದ್ಯ ಮುಗಿದ ಮೇಲೆ ಹನ್ನೆರಡು ಹೆಸರುಗಳ ಪಟ್ಟಿಯನ್ನು ಓದಿದರು. ಹೆಸರು ಬಂದ ಹುಡುಗರು ಕುಣಿದಾಡಿದರು. ಹದಿಮೂರನೆಯವನು ಯಾರೆಂಬುದನ್ನು ಯಾರೂ ಓದಲಿಲ್ಲ. ಓದುವ ರೂಢಿಯೂ ಇಲ್ಲ. ಅವನು ಚೀಲವನ್ನು ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆ ನಡೆದಿರಬೇಕು. ಮೈ ಇನ್ನೂ ಬ��ಳೆಯದ, ತಿಂಗಳುಗಳ ಲೆಕ್ಕದಲ್ಲಿ ಕಿರಿಯನಾದ, ಅಂದು ಕಾಲು ಜಾರಿದ ಹುಡುಗನು ಅವನೇ ಇದ್ದರೂ ಇರಬಹುದು. ಹನ್ನೆರಡನೆಯವನಿಗೂ ಅವನಿಗೂ ನಡುವೆ ನಾವು ಎಳೆದ ಗೆರೆಯು ನಾಣ್ಯ ಚಿಮ್ಮಿ ಎಳೆದ ಗೆರೆಗಿಂತ ಬಹಳ ಖಚಿತವಾದುದಲ್ಲ. ಗೆರೆಯನ್ನು ಎಳೆಯಲೇಬೇಕು; ಜಾಗ ಹನ್ನೆರಡೇ. ಆದರೆ ಮುಂದಿನ ವರ್ಷ ಅವನು ಮರಳಿ ಬರುವಂತೆ ಒಂದು ಮಾತನ್ನು ಹೇಳುವುದಕ್ಕೆ ಯಾವ ಯಂತ್ರವೂ ಬೇಕಿಲ್ಲ, ಯಾವ ವೆಚ್ಚವೂ ಇಲ್ಲ.

‘ಅವನ ಹಿಂದ ಎಷ್ಟ ಮಂದಿ ಅದಾರ?’ ಎಂದು ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರವು ಆ ಹದಿಮೂರನೆಯವನಿಂದ ಮೊದಲಾಗುತ್ತದೆ. ಅವನು ಆಟವನ್ನು ಬಿಡದೆ ಉಳಿದರೆ ಗುಂಪು ಆಳವಾಗುವುದು; ಅವನು ಮನೆಗೆ ಹೋಗಿ ಮತ್ತೆ ಬಾರದಿದ್ದರೆ, ಮುಂದಾಳು ಎಷ್ಟೇ ಎತ್ತರಕ್ಕೆ ಹಾರಿದರೂ ನಮ್ಮ ಕೆರೆ ತೆಳುವಾಗಿಯೇ ಇರುವುದು.